ಸ್ಟೇಜಪ್ಪ ಹಾಕಿದ ನಾಲ್ಕು

ನನ್ನ ಗಂಡನ ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ಸ್ಟೇಜಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಎದುರಿಗೆ ಎಲ್ಲರದೂ 'ಸಾರ್' ಎಂಬ ಭಕ್ತಿಯೇ. ನಾನು ಎದುರಿಗೆ 'ಭಾವ' ಎಂದು, ಹಿಂದೆ ಬಾಯಿಗೆ ಬಂದದ್ದೆಲ್ಲ ಅಂದುಕೊಂಡು ಇಪ್ಪತ್ತೆಂಟು ವರ್ಷ ಕಳೆದೆ. ಇಲ್ಲಿ ಬರೆಯುವಾಗಲೂ 'ಅವರು' ಎಂದೇ ಬರೆಯುತ್ತೇನೆ. ಕೈ ಹಾಗೆ ಪಳಗಿಬಿಟ್ಟಿದೆ, ಮನಸ್ಸು ಒಪ್ಪಿದೆ ಎಂದು ಯಾರೂ ತಿಳಿಯಬೇಡಿ.

ಅವರು ನನ್ನ ಗಂಡನಿಗಿಂತ ಹನ್ನೊಂದು ವರ್ಷ ದೊಡ್ಡವರು. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸಾಕಿದವರು ಅವರೇ. ತಮ್ಮನಿಗೋಸ್ಕರ ಮದುವೆಯನ್ನೇ ಮಾಡಿಕೊಳ್ಳಲಿಲ್ಲ ಎಂದು ಅವರು ಹೇಳುತ್ತಾರೆ. ಯಾವುದೋ ಪುಣ್ಯವಂತೆ ತಪ್ಪಿಸಿಕೊಂಡಳು ಎಂದು ನಾನು ಹೇಳುತ್ತೇನೆ. ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅವರ ವಾಸ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲಿಳಿದು ಬಂದು ಊಟಕ್ಕೆ ಕೂರುತ್ತಾರೆ. ತಟ್ಟೆ ಹಾಕುವುದು ಒಂದು ನಿಮಿಷ ತಡವಾದರೆ ಗೋಡೆಯ ಗಡಿಯಾರ ನೋಡುತ್ತಾರೆ. ಬಡಿಸುವವಳ ಮುಖ ನೋಡಿದ್ದು ನನಗೆ ನೆನಪಿಲ್ಲ.

ಇಪ್ಪತ್ಮೂರನೇ ವಯಸ್ಸಿನಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಅಟೆಂಡರ್ ಆಗಿ ಸೇರಿದವರು, ನೆಲಮಾಳಿಗೆಯಲ್ಲೇ ಕಡತ ಹೊತ್ತು ಹೊತ್ತು ಕೊನೆಗೆ ರೆಕಾರ್ಡ್ ವಿಭಾಗದ ಗುಮಾಸ್ತರಾದರು. ಅಲ್ಲಿ ಅವರ ಕೆಲಸ ಇಷ್ಟೇ. ಕಡತದೊಳಗಿನ ಸ್ಕ್ಯಾನ್ ವರದಿ, ಆಪರೇಷನ್ ಟಿಪ್ಪಣಿ, ಲ್ಯಾಬಿನ ಹಾಳೆ ಎಲ್ಲ ತಿರುವಿ, ಟಿ, ಎನ್, ಎಂ ಎಂಬ ಮೂರು ಅಕ್ಷರಕ್ಕೆ ಮೂರು ಸಂಖ್ಯೆ ಹೆಕ್ಕಬೇಕು. ಅವನ್ನು ಗೋಡೆಗೆ ಅಂಟಿಸಿದ ಪಟ್ಟಿಯ ಜೊತೆ ತಾಳೆ ನೋಡಬೇಕು. ಬಂದ ಹಂತವನ್ನು, ಅಂದರೆ ಸ್ಟೇಜನ್ನು, ಕಡತದ ಮೇಲುಹೊದಿಕೆಯ ಬಲಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಬರೆಯಬೇಕು. ಮೂವತ್ತೇಳು ವರ್ಷ ಆಸ್ಪತ್ರೆಯ ಅನ್ನ ತಿಂದವರು ಒಬ್ಬ ರೋಗಿಯ ಎದೆಗೂ ಕಿವಿಗೊಟ್ಟವರಲ್ಲ. ಆದರೆ ಬೀದಿಯಲ್ಲಿ ಅವರ ನಡಿಗೆ ನೋಡಬೇಕಿತ್ತು, ಆಸ್ಪತ್ರೆಯನ್ನೇ ಹೆಗಲ ಮೇಲೆ ಹೊತ್ತು ನಡೆಯುವ ಠೀವಿ.

ಟಿ ಎಂದರೆ ಗಂಟಿನ ಗಾತ್ರ. ಎನ್ ಎಂದರೆ ಅದು ಹತ್ತಿರದ ಗ್ರಂಥಿಗಳಿಗೆ ಇಳಿದಿದೆಯೇ ಎಂಬುದು. ಎಂ ಎಂದರೆ ದೂರಕ್ಕೆ ಹರಡಿದೆಯೇ ಎಂಬುದು. ಇಷ್ಟು ನನಗೂ ಬರುತ್ತದೆ. ವರ್ಷಗಟ್ಟಲೆ ಊಟದ ಹೊತ್ತಿನಲ್ಲಿ ಅದನ್ನೇ ಕೇಳಿದ ಮೇಲೆ ನಮ್ಮ ಮನೆಯ ಗೋಡೆಗೂ ಬರುತ್ತದೆ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟಿದ್ದೇನೆ. ಜಿಪ್ ಬದಲಿಸುವುದು, ಪ್ಯಾಂಟು ಮೋಟು ಮಾಡುವುದು, ಸೊಂಟ ಬಿಚ್ಚಿ ದೊಡ್ಡದು ಮಾಡುವುದು, ಗುಂಡಿ ಹಾಕುವುದು. ನಿವೃತ್ತರಾದ ಮೇಲೆ ಭಾವ ಈ ಕೋಣೆಯನ್ನೇ ತಮ್ಮ ಕಚೇರಿ ಮಾಡಿಕೊಂಡರು. ಯಾರ ಮನೆಯಲ್ಲಿ ಯಾರಿಗೆ ಸ್ಕ್ಯಾನ್ ಆದರೂ ವರದಿ ಮೊದಲು ಇಲ್ಲಿಗೆ ಬರುತ್ತಿತ್ತು, ಡಾಕ್ಟರ ಹತ್ತಿರ ಹೋಗುವುದು ಆಮೇಲೆ. ಭಾವ ನನ್ನ ಗುಂಡಿಯ ಡಬ್ಬಿಯನ್ನು ಕತ್ತರಿಸುವ ಮೇಜಿನ ಮೇಲೆ ಸುರಿದು ಪಾಠ ಶುರು ಮಾಡುತ್ತಿದ್ದರು.

"ನೋಡಿ, ಇದು ಅಂಗಿ ಗುಂಡಿ, ಒಂದು ಸೆಂಟಿಮೀಟರ್. ಇದು ಕೋಟಿನ ಗುಂಡಿ. ಮೂರರವರೆಗೆ ಟಿ ಒಂದು. ಮೂರು ದಾಟಿ ಐದರವರೆಗೆ ಟಿ ಎರಡು. ಏಳರವರೆಗೆ ಮೂರು. ಅದರ ಮೇಲೆ ಹೋಯ್ತೋ, ನಾಲ್ಕು. ನಿಮ್ಮ ತಂದೆಯವರದ್ದು... ಇಕೋ, ಈ ಗುಂಡಿ."

ಬಂದವರು ಆ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅಳುತ್ತಾ ಹೋಗುತ್ತಿದ್ದರು. ಗುಂಡಿ ನನ್ನದು! ಎಷ್ಟು ಸೆಟ್ ಹಾಳಾಯಿತೋ, ಎಷ್ಟು ಕೋಟಿಗೆ ಬೇರೆ ಬೇರೆ ಗುಂಡಿ ಹಾಕಿ ಗಿರಾಕಿಗಳಿಂದ ಬೈಸಿಕೊಂಡೆನೋ. ಅಳುವವರ ಕೈಯಿಂದ ಗುಂಡಿ ಕಿತ್ತುಕೊಳ್ಳುವಷ್ಟು ಕಟುಕಿ ನಾನಲ್ಲ. ಭಾವನಿಗೆ ಅಳುವವರೂ ಕಾಣುತ್ತಿರಲಿಲ್ಲ, ಗುಂಡಿಯೂ ಕಾಣುತ್ತಿರಲಿಲ್ಲ. ಸಂಖ್ಯೆ ಸರಿಯಾಗಿ ಬಂತಲ್ಲ, ಕೈ ಒರೆಸಿಕೊಂಡು ಮೇಲೆ ಹತ್ತುತ್ತಿದ್ದರು.

ಇಂಥ ಅಣ್ಣ ನನ್ನ ಗಂಡನಿಗೆ ದೇವರು. ನನ್ನ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ಆಪರೇಟರ್. ಸಾವಿರ ಹಾಳೆಯ ದಿಂಡನ್ನು ಒಂದೇ ಏಟಿಗೆ ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಕತ್ತರಿಸುವ ಮನುಷ್ಯ. ಮನೆಗೆ ಬಂದರೆ ಮಾತ್ರ ಸ್ವಂತ ಅಭಿಪ್ರಾಯ ಎನ್ನುವುದನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರುವವರು. ಫ್ಯಾನು ಕೊಳ್ಳಬೇಕೆಂದರೂ "ಅಣ್ಣನ್ನ ಒಂದು ಮಾತು ಕೇಳೋಣ." ನಾನು ಹೊಟ್ಟೆ ನೋವೆಂದರೂ "ಅಣ್ಣ ಏನಂತಾನೋ." ಮದುವೆಯಾದ ಹೊಸದರಲ್ಲಿ ಇದು ತಮಾಷೆಯಾಗಿತ್ತು.

ನನ್ನ ಗಂಡನಿಗೆ ಐವತ್ಮೂರು ತುಂಬಿದ ವರ್ಷ ಕೆಮ್ಮು ಹಿಡಿಯಿತು. ಕಾಗದದ ಧೂಳು ಎಂದುಕೊಂಡೆವು. ಎರಡು ತಿಂಗಳಾದರೂ ಬಿಡದಿದ್ದಾಗ ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಎದೆಯ ಸ್ಕ್ಯಾನ್ ಬರೆದುಕೊಟ್ಟರು. ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋದವರು ಭಾವ, ಅಲ್ಲಿಯ ಫಾರಂ ತುಂಬಿದವರೂ ಅವರೇ. ಎರಡು ದಿನ ಬಿಟ್ಟು ವರದಿ ತಂದವರೂ ಅವರೇ. ನನ್ನ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಒಂದು ಬದಿಗೆ ತಳ್ಳಿ, ಕನ್ನಡಕ ಒರೆಸಿ, ವರದಿ ಹರಡಿದರು. ಈ ಸಲ ಡಬ್ಬಿಯಿಂದ ಗುಂಡಿ ತೆಗೆಯಲಿಲ್ಲ. ಅಷ್ಟಕ್ಕೇ ನಾನು ಹೊಲಿಗೆ ನಿಲ್ಲಿಸಿದೆ.

"ಬಲಗಡೆ ಮೇಲ್ಭಾಗದಲ್ಲಿ ಇಪ್ಪತ್ತಾರು ಮಿಲಿಮೀಟರ್ ಗಂಟು," ಎಂದರು. "ಟಿ ಒಂದು. ಗ್ರಂಥಿ ಇಲ್ಲ. ಎನ್ ಸೊನ್ನೆ."

"ಹಾಗಾದ್ರೆ ಚಿಕ್ಕದೇ ಅಲ್ವಾ ಭಾವ?" ಎಂದೆ.

"ಪೂರ್ತಿ ಕೇಳು. ಎಡಗಡೆ ಕೆಳಭಾಗದಲ್ಲಿ ಇನ್ನೊಂದು. ಆರು ಮಿಲಿಮೀಟರ್. ಎದುರು ಕಡೆ ಶ್ವಾಸಕೋಶದಲ್ಲಿ ಗಂಟು ಅಂದ್ರೆ ಎಂ ಒಂದು. ಎಂ ಒಂದು ಬಂತು ಅಂದ್ಮೇಲೆ ಟಿ ಎಷ್ಟಾದ್ರೂ ಇರ್ಲಿ, ಎನ್ ಎಷ್ಟಾದ್ರೂ ಇರ್ಲಿ, ಸ್ಟೇಜು ನಾಲ್ಕು."

ಅಷ್ಟು ಹೇಳಿ ಜೇಬಿನಿಂದ ಪೆನ್ನು ತೆಗೆದು, ವರದಿಯ ಕವರಿನ ಬಲಮೂಲೆಯಲ್ಲಿ ಹಸಿರು ಶಾಯಿಯಲ್ಲಿ ನಾಲ್ಕು ಎಂದು ಬರೆದರು. ಸ್ವಂತ ತಮ್ಮನ ಕವರು! ಬರೆದ ಮೇಲೆ ಅದರ ಕೆಳಗೊಂದು ಗೆರೆಯನ್ನೂ ಎಳೆದರು, ಕಚೇರಿಯ ಅಭ್ಯಾಸ. ನನ್ನ ಗಂಡ ಆ ನಾಲ್ಕನ್ನು ನೋಡಿ, ಅಣ್ಣನ ಮುಖ ನೋಡಿ, "ಸರಿ ಅಣ್ಣ" ಎಂದರು. ಫ್ಯಾನಿನ ವಿಚಾರಕ್ಕೂ ಅವರು ಹಾಗೇ "ಸರಿ ಅಣ್ಣ" ಎಂದಿದ್ದರು.

"ಆಸ್ಪತ್ರೆಗೆ ಹೋಗೋಣ," ಎಂದೆ ನಾನು.

"ಹೋಗಿ ಏನ್ಮಾಡ್ತೀಯಮ್ಮಾ? ಮೊದಲು ಸೂಜಿ ಚುಚ್ಚಿ ತುಂಡು ತೆಗೀತಾರೆ. ಗಾಳಿ ತಗುಲಿದ್ರೆ ಹರಡುತ್ತೆ. ಆಮೇಲೆ ಕೀಮೋ, ಕೂದಲು ಹೋಗುತ್ತೆ, ವಾಂತಿ. ನಾಲ್ಕನೇ ಸ್ಟೇಜಿನವರ ಕಡತ ನಾನು ಸಾವಿರಗಟ್ಟಲೆ ನೋಡಿದ್ದೀನಿ. ಒಬ್ಬನಾದರೂ ಉಳಿದಿದ್ರೆ ಕೇಳು. ಇರೋಷ್ಟು ದಿನ ಅವನು ನೆಮ್ಮದಿಯಾಗಿರ್ಲಿ."

ಇಲ್ಲಿಯವರೆಗೆ ಅವರನ್ನು ಬೈದೆ. ಈಗ ನನ್ನ ಮುಖಕ್ಕೂ ಒಂದಿಷ್ಟು ಉಗಿದುಕೊಳ್ಳಬೇಕು. ನಾನೂ ನಂಬಿದೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಇಡದ ಹೆಂಗಸು ನಾನು. ಗಿರಾಕಿ ತಾನೇ ಅಳೆದುಕೊಂಡು ಬಂದರೂ ಟೇಪು ಹಿಡಿದು ಇನ್ನೊಮ್ಮೆ ಅಳೆಯುತ್ತೇನೆ. ಅಂಥವಳು ಗಂಡನ ಜೀವದ ವಿಷಯದಲ್ಲಿ ಒಬ್ಬ ಗುಮಾಸ್ತ ಎರಡು ನಿಮಿಷ ಕಣ್ಣಾಡಿಸಿ ಬರೆದ ಸಂಖ್ಯೆಯನ್ನು ಒಪ್ಪಿ ಕೈಕಟ್ಟಿ ಕೂತೆ. ಯಾಕೆಂದರೆ ಅವರು ಅಕ್ಷರ ಮತ್ತು ಅಂಕಿಯಲ್ಲಿ ಮಾತಾಡಿದರು. 'ಯಾಕೋ ಸರಿಯಿಲ್ಲ' ಎಂದಿದ್ದರೆ ಜಗಳವಾಡುತ್ತಿದ್ದೆ. 'ಎಂ ಒಂದು' ಎಂದರೆ ಯಾವ ಬಾಯಿಂದ ಜಗಳವಾಡಲಿ?

ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರಿಗೂ ವರದಿ ತೋರಿಸದೆ ಐದು ತಿಂಗಳು ಹೀಗೆ ಹೋಯಿತು. ಆ ಐದು ತಿಂಗಳು ನಮ್ಮ ಮನೆಯಲ್ಲಿ ಬದುಕಿರುವ ಮನುಷ್ಯನನ್ನು ತೀರಿಹೋದವರಂತೆ ನೋಡಿಕೊಂಡೆವು. ಜೋರಾಗಿ ಮಾತಿಲ್ಲ, ನಗುವಿಲ್ಲ. ಬೀದಿಯವರು ಒಬ್ಬೊಬ್ಬರೇ ಬಂದು ಕೂತು, "ಸಾರ್ ಹೇಳಿದ್ರು" ಎಂದು ಕಣ್ಣೊರೆಸಿಕೊಂಡು ಹೋದರು. ಗಂಡ ಕೆಮ್ಮುತ್ತಲೇ ಪ್ರೆಸ್ಸಿಗೆ ಹೋಗಿಬರುತ್ತಿದ್ದರು. ಭಾವ ಊಟದ ಹೊತ್ತಿನಲ್ಲಿ ತಮ್ಮನ ತಟ್ಟೆಗೆ ಕೈಯಾರೆ ಬಡಿಸಲು ಶುರುಮಾಡಿದ್ದರು. ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಇತ್ತು. ಬುದ್ಧಿಯಿಲ್ಲದ ಪ್ರೀತಿ ಎಷ್ಟು ಕೆಟ್ಟದ್ದು ಎಂದು ನಾನು ಆ ತಟ್ಟೆಯ ಪಕ್ಕ ಕೂತು ಕಲಿತೆ.

ಐದನೇ ತಿಂಗಳಿಗೆ ಗಂಡನಿಗೆ ಕಾಗದದ ದಿಂಡು ಎತ್ತಲು ಉಸಿರು ಸಾಲದಾಯಿತು. ಕೂತು ಮಾಡುವ ಕೆಲಸ ಕೊಡಿ ಎಂದು ಮ್ಯಾನೇಜರನ್ನು ಕೇಳಿದರು. ಅವನು ಕಾಯಿಲೆಯ ಹಂತ ಬರೆದ ಪತ್ರ ತನ್ನಿ ಎಂದ. ಭಾವ ಅದನ್ನೂ ತಾವೇ ಬರೆದುಕೊಟ್ಟರು, ನಾಲ್ಕನೇ ಹಂತ ಎಂದು, ಗೆರೆ ಎಳೆದು. ಮ್ಯಾನೇಜರ್ ಎಂಥವನೇ ಇರಲಿ, ಆ ಒಂದು ದಿನ ಅವನ ತಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿತು. "ಇದು ನಿಮ್ಮಣ್ಣನ ಸಹಿ, ನನಗೆ ಆಸ್ಪತ್ರೆ ಸೀಲ್ ಬೇಕು," ಎಂದು ವಾಪಸ್ ಕಳಿಸಿದ. ಸೀಲಿಗಾಗಿ ಆಸ್ಪತ್ರೆಗೆ ನಾನೇ ಹೊರಟೆ. ಭಾವನಿಗೆ ಆ ದಿನ ಮಂಡಿ ನೋವಿತ್ತು. ಆ ಮಂಡಿಗೆ ನಾನು ಇವತ್ತಿಗೂ ಋಣಿ.

ಆಸ್ಪತ್ರೆಯ ಕೌಂಟರಿನವರು ಪತ್ರ ನೋಡಿ ನೆಲಮಾಳಿಗೆಯ ರೆಕಾರ್ಡ್ ವಿಭಾಗಕ್ಕೆ ಕಳಿಸಿದರು. ಅಲ್ಲಿ ನನ್ನ ವಯಸ್ಸಿನ ಒಬ್ಬ ಗುಮಾಸ್ತೆ ಕೂತಿದ್ದಳು. ಕವರು ಕೈಗೆ ತೆಗೆದುಕೊಂಡವಳೇ ಹಸಿರು ನಾಲ್ಕನ್ನು ನೋಡಿ, "ಅಯ್ಯೋ, ಇದು ನಮ್ಮ ಹಳೇ ಸಾರ್ ಬರವಣಿಗೆ!" ಎಂದಳು. ನಾನು ಸಂಬಂಧ ಹೇಳಿಕೊಂಡೆ. ಅವಳು ಒಳಗಿನ ಹಾಳೆಗಳನ್ನು ಎರಡೆರಡು ಸಲ ಮಗುಚಿದಳು.

"ಅಕ್ಕ, ಸೂಜಿ ಪರೀಕ್ಷೆ ಹಾಳೆ ಎಲ್ಲಿ? ತುಂಡು ತೆಗೆದು ನೋಡದೆ ಕ್ಯಾನ್ಸರ್ ಅಂತಾನೇ ಹೇಳೋ ಹಾಗಿಲ್ಲ. ಸ್ಟೇಜ್ ಎಲ್ಲಿಂದ ಬಂತು?"

"ಭಾವ ಹಾಕಿದ್ದು. ಅವರೇ ತಾನೆ ಇಲ್ಲಿ ಎಲ್ಲರಿಗೂ ಹಾಕ್ತಿದ್ದಿದ್ದು?"

 ಅವಳು ಹಿಂದಿನ ಕಬ್ಬಿಣದ ಬಾಗಿಲನ್ನು ತೋರಿಸಿದಳು. "ಅವರು ಕೂರ್ತಿದ್ದಿದ್ದು ಅಲ್ಲಿ. ಅದು ಮುಗಿದ ಕಡತಗಳ ಕೋಣೆ. ರೋಗಿ ತೀರಿಕೊಂಡ ಮೇಲೆ ಕಡತ ಅಲ್ಲಿಗೆ ಹೋಗುತ್ತೆ. ಡಾಕ್ಟರು ಮೊದಲೇ ಹಾಕಿದ ಸ್ಟೇಜನ್ನ ಸಾರ್ ಒಳಗಿನ ಹಾಳೆ ಜೊತೆ ತಾಳೆ ನೋಡಿ ಹೊರಗಡೆ ಬರೀತಿದ್ರು. ಬದುಕಿರೋರ ಕಡತ ಮೇಲೆ ವಾರ್ಡಿನಲ್ಲೇ ಓಡಾಡ್ತಾ ಇರುತ್ತೆ, ಅದು ಅವರ ಟೇಬಲ್ಲಿಗೆ ಬರ್ತಾನೇ ಇರ್ಲಿಲ್ಲ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಸಾವಿರಗಟ್ಟಲೆ ಕಡತ, ಒಬ್ಬನಾದರೂ ಉಳಿದಿದ್ದರೆ ಕೇಳು! ಹೇಗೆ ಉಳಿದಾನು? ಉಳಿದವನು ಆ ಕೋಣೆಗೆ ಬಂದರೆ ತಾನೇ? ಒಂದನೇ ಹಂತದವನೂ ಹಾಗೆ, ನಾಲ್ಕನೇ ಹಂತದವನೂ ಹಾಗೆ, ಅವರ ಮೇಜಿಗೆ ಬಂದವರೆಲ್ಲ ಹೆಣವಾಗಿಯೇ ಬಂದವರು. ಇಷ್ಟು ವರ್ಷ ಕೂತ ಮನುಷ್ಯನಿಗೆ ಒಂದು ದಿನ ಮೆಟ್ಟಿಲು ಹತ್ತಿ ಮೇಲೆ ಏನು ನಡೆಯುತ್ತಿದೆ ಎಂದು ನೋಡುವ ಕುತೂಹಲ ಹುಟ್ಟಲಿಲ್ಲ. ಇಂಥವರ ಮಾತು ಕೇಳಿ ನಾನು ಐದು ತಿಂಗಳು ಗುಂಡಿ ಹೊಲಿಯುತ್ತಾ ಕೂತಿದ್ದೆ. ಪಿತ್ತ ನೆತ್ತಿಗೇರಿತು. ಆ ಹೆಂಗಸು ನೀರು ಕೊಟ್ಟು, ಶ್ವಾಸಕೋಶದ ಡಾಕ್ಟರ ಹತ್ತಿರ ಮರುದಿನಕ್ಕೆ ಹೆಸರು ಬರೆಸಿಕೊಟ್ಟಳು.

ಮನೆಗೆ ಬಂದು ಭಾವನಿಗೆ ಏನೂ ಹೇಳಲಿಲ್ಲ. ಗಂಡನಿಗೆ ಸೀಲಿಗೆ ನೀವೇ ಬರಬೇಕಂತೆ ಎಂದು ಸುಳ್ಳು ಹೇಳಿ ಎಬ್ಬಿಸಿಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಸ್ಕ್ಯಾನಿನ ಚಿತ್ರಗಳನ್ನು ಪರದೆಯ ಮೇಲೆ ಹಾಕಿ ಎಡಗಡೆಯ ಚುಕ್ಕಿಯ ಮುಂದೆ ತುಂಬಾ ಹೊತ್ತು ನಿಂತಳು.

"ನಿಮಗೆ ಮೊದಲು ಯಾವಾಗಲಾದ್ರೂ ಕ್ಷಯ ಆಗಿತ್ತಾ?"

"ಛೆ, ಇಲ್ಲ," ಎಂದೆ ನಾನು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವಳಿಗೆ ಗೊತ್ತಿರುವುದಿಲ್ಲವೇ?

ನನ್ನ ಗಂಡ ನೆಲ ನೋಡುತ್ತಿದ್ದರು. "ಹತ್ತೊಂಬತ್ತನೇ ವಯಸ್ಸಲ್ಲಿ ಆಗಿತ್ತು ಡಾಕ್ಟ್ರೇ," ಎಂದರು. "ಅಣ್ಣ ದಿನಾ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಇಂಜೆಕ್ಷನ್ ಹಾಕಿಸ್ತಿದ್ದ. ಎರಡು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಯಾರಿಗೂ ಹೇಳಬೇಡ, ಹೆಣ್ಣು ಕೊಡಲ್ಲ ಅಂದಿದ್ದ."

ನನ್ನಿಂದ ಮುಚ್ಚಿಟ್ಟರು, ಹೋಗಲಿ. ಸ್ಕ್ಯಾನ್ ಸೆಂಟರಿನ ಫಾರಂ ವರದಿಯ ಕವರಿನಲ್ಲೇ ಇತ್ತು. 'ಹಿಂದಿನ ಶ್ವಾಸಕೋಶದ ಕಾಯಿಲೆ' ಎಂಬ ಸಾಲಿನ ಮುಂದೆ ಭಾವನ ದುಂಡನೆಯ ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ ಹೆಣ್ಣು ಸಿಗಲೆಂದು ಹೇಳಿದ ಸುಳ್ಳನ್ನು, ಹೆಣ್ಣು ಸಿಕ್ಕಿ ಅವಳ ಕೂದಲು ನೆರೆತ ಮೇಲೂ ಬಿಡದೆ ಬರೆದಿದ್ದರು. ಕಾಯಿಲೆ ಇರಲಿಲ್ಲವೆಂದು ಊರಿಗೆ ಹೇಳಿ ಹೇಳಿ ತಮಗೆ ತಾವೇ ನಂಬಿಸಿಕೊಂಡಿದ್ದರೋ ಏನೋ. ವರದಿಯ ಕೊನೆಯಲ್ಲಿ 'ಎಡಗಡೆಯದು ಹಳೆಯ ಗಾಯದ ಕಲೆಯೂ ಇರಬಹುದು, ಹರಡಿದ್ದೂ ಇರಬಹುದು, ಹಿಂದಿನ ಕಾಯಿಲೆಯ ವಿವರದೊಂದಿಗೆ ಹೋಲಿಸಿ' ಎಂದು ಸ್ಪಷ್ಟವಾಗಿತ್ತು. ಡಾಕ್ಟರು ಆ ಸಾಲಿನ ಮೇಲೆ ಬೆರಳಿಟ್ಟು ನಮಗೆ ಓದಿ ಹೇಳಿದಳು. ಭಾವ ಅದರಲ್ಲಿ ಅರ್ಧ ಸಾಲು ಮಾತ್ರ ಓದಿದ್ದರು.

ಹೊಸ ಸ್ಕ್ಯಾನ್ ಆಯಿತು. ಸೂಜಿ ಪರೀಕ್ಷೆ ಆಯಿತು. ಗಾಳಿ ತಗುಲಿ ಏನೂ ಹರಡಲಿಲ್ಲ. ಗಂಟಲಿನಿಂದ ಕೊಳವೆ ಇಳಿಸಿ ಎರಡು ಶ್ವಾಸಕೋಶಗಳ ನಡುವಿನ ಗ್ರಂಥಿಯಿಂದಲೂ ಚೂರು ತೆಗೆದರು. ಎರಡು ವಾರದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಎಡಗಡೆದು ಹಳೇ ಕ್ಷಯದ ಕಲೆ. ಐದು ತಿಂಗಳಲ್ಲಿ ಒಂಚೂರೂ ಕದಲಿಲ್ಲ. ಬಲಗಡೆದು ಕ್ಯಾನ್ಸರ್. ಇಪ್ಪತ್ತಾರು ಇದ್ದದ್ದು ಮೂವತ್ತೆಂಟಾಗಿದೆ, ನಡುವಿನ ಗ್ರಂಥಿಗೂ ಬಂದಿದೆ. ಈಗ ಇದು ಮೂರನೇ ಹಂತ. ಸೀದಾ ಆಪರೇಷನ್ ಮಾಡೋ ಹಾಗಿಲ್ಲ, ಮೊದಲು ಕೀಮೋ ಕೊಟ್ಟು ನೋಡ್ಬೇಕು."

"ಆಗಲೇ ಬಂದಿದ್ರೆ?" ಎಂದೆ. ಕೇಳಬಾರದಿತ್ತು, ಕೇಳದೆ ಇರಲಾಗಲಿಲ್ಲ.

ಅವಳು ಹಳೆಯ ಚಿತ್ರ ಮತ್ತೊಮ್ಮೆ ನೋಡಿದಳು. "ಆಗ ಪರೀಕ್ಷೆ ಮಾಡಿರ್ಲಿಲ್ಲ, ಅದಕ್ಕೆ ಆಣೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ಈ ಚಿತ್ರ ನೋಡಿದ್ರೆ ಒಂದನೇ ಹಂತ. ಆ ಒಂದು ಭಾಗ ತೆಗೆದು ಎಂಟು ದಿನಕ್ಕೆ ಮನೆಗೆ ಕಳಿಸ್ತಿದ್ವಿ."

 ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಗಂಡ ನನ್ನ ಮುಂಗೈ ಹಿಡಿದುಕೊಂಡರು. "ಒಂದನೇ ಸ್ಟೇಜ್ ಇತ್ತು ಅನ್ನೋದನ್ನ ಅಣ್ಣಂಗೆ ಹೇಳಬೇಡ ಕಣೇ. ಅವನು ತಡ್ಕೊಳಲ್ಲ."

"ನೀವು ತಡ್ಕೊಳ್ತೀರಾ?" ಎಂದೆ.

"ನಂಗೇನು," ಎಂದರು. ಬೀದಿಯಲ್ಲೇ ನಿಂತು ಹಣೆ ಚಚ್ಚಿಕೊಳ್ಳಬೇಕು ಎನಿಸಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟದ್ದೇನೋ ಕೊಟ್ಟೆ, ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಆ ಮಧ್ಯಾಹ್ನವೇ ತಿಳಿಯಿತು. ಭಾವ ಊಟಕ್ಕೆ ಬಂದರು. ಹೊಸ ಕಡತ ಕಂಡಿತು. ಕೈ ತೊಳೆಯುವುದಕ್ಕೆ ಮೊದಲೇ ಅದನ್ನು ಬಿಚ್ಚಿದರು. ನಾವು ಅವರಿಗೆ ಹೇಳದೆ ಹೋಗಿಬಂದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಇಲ್ಲ. ಅವರ ಕಣ್ಣು ಸೀದಾ ಸಂಖ್ಯೆಯ ಮೇಲೆ ಹೋಯಿತು.

"ಗ್ರಂಥಿ ಬಂದಿದೆ ನೋಡಿದ್ಯಾ? ನಾನು ಹೇಳಿರ್ಲಿಲ್ವಾ?" ಎಂದರು. ಧ್ವನಿಯಲ್ಲಿ ದುಃಖವಿತ್ತು. ದುಃಖದ ಮಗ್ಗುಲಲ್ಲೇ, ನಾಚಿಕೆಗೆಟ್ಟದ್ದು, ಒಂದಿಷ್ಟು ಸಮಾಧಾನವೂ ಇತ್ತು. "ಆದ್ರೆ ಮೂರು ಹಾಕಿದ್ದಾರೆ. ಎಡಗಡೆ ಗಂಟನ್ನ ಲೆಕ್ಕಕ್ಕೇ ತಗೊಂಡಿಲ್ಲ. ಈಗಿನ ಮಕ್ಕಳಿಗೆ ಪಟ್ಟಿ ನೋಡಕ್ಕೂ ಬರಲ್ಲ."

"ಅದು ನಿಮ್ಮ ಸೈಕಲ್ ಕಾಲದ ಗಂಟು ಭಾವ," ಎಂದೆ. "ಹತ್ತೊಂಬತ್ತರಲ್ಲಿ ಕ್ಷಯ ಬಂದಿತ್ತಲ್ಲ, ಆ ಕಲೆ. ಅದಕ್ಕೇ ನೀವು ನಾಲ್ಕು ಹಾಕಿದ್ದು."

ಅವರು ನನ್ನ ಮುಖ ನೋಡಿದರು. ಗಡಿಯಾರವನ್ನಲ್ಲ, ನನ್ನನ್ನು.  ತಮ್ಮನ ಕಡೆ ತಿರುಗಿದರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಭಾವ ಊಟ ಮಾಡದೆ ಎದ್ದು ಮೇಲೆ ಹೋದರು. ನನಗೆ ಪಾಪ ಎನಿಸಲಿಲ್ಲ. ಬಡಿಸಿದ ತಟ್ಟೆಯನ್ನು ಮುಚ್ಚಿಟ್ಟೆ, ಅನ್ನದ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಆಮೇಲೆ ಹತ್ತು ಹನ್ನೆರಡು ದಿನ ಅವರು ಕೆಳಗಿಳಿಯಲಿಲ್ಲ. ಊಟವನ್ನು ಮೇಲಕ್ಕೇ ಕೊಂಡುಹೋಗಿ ಬಾಗಿಲ ಹೊರಗಿಟ್ಟು ಬರುತ್ತಿದ್ದೆ. ವರದಿ ಹಿಡಿದು ಬಂದ ಬೀದಿಯವರನ್ನು ನಾನೇ ಬೈದು ಆಸ್ಪತ್ರೆಗೆ ಅಟ್ಟಿದೆ. ಒಬ್ಬಳು, "ಸಾರ್ ಒಂದ್ಸಲ ನೋಡಿಬಿಟ್ಟಿದ್ರೆ ಧೈರ್ಯ ಬರ್ತಿತ್ತು," ಎಂದಳು. ಧೈರ್ಯವಂತೆ! ಅವಳ ಕೈಗೆ ಗುಂಡಿ ಕೊಟ್ಟು ಕಳಿಸುವುದೊಂದು ಬಾಕಿಯಿತ್ತು.

ಮೊದಲನೇ ಕೀಮೋ ದಿನ ನಾವಿಬ್ಬರೇ ಹೋದೆವು. ಎರಡನೆಯದಕ್ಕೆ ಹೊರಟಾಗ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದರು. "ನಾನೂ ಬರ್ತೀನಿ," ಎಂದರು. ನಾನು ಬೇಡ ಎನ್ನುವಷ್ಟರಲ್ಲಿ ನನ್ನ ಗಂಡ ಆಟೋದಲ್ಲಿ ಜಾಗ ಬಿಟ್ಟುಕೊಟ್ಟಾಗಿತ್ತು.

ಕೀಮೋ ಕೊಡುವ ಹಾಲ್ ಮೂರನೇ ಮಹಡಿಯಲ್ಲಿ. ಉದ್ದನೆಯ ಕೋಣೆ, ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಗೊಂದು ಡ್ರಿಪ್ ಸ್ಟ್ಯಾಂಡು. ಬಾಗಿಲಲ್ಲೇ ಭಾವ ನಿಂತುಬಿಟ್ಟರು. ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಒಬ್ಬ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಇಬ್ಬರು ಹೆಂಗಸರು ಸೊಸೆಯಂದಿರ ವಿಷಯ ಮಾತಾಡಿಕೊಂಡು ನಗುತ್ತಿದ್ದರು. ಒಬ್ಬ ಮುದುಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ನರ್ಸು ನನ್ನ ಗಂಡನನ್ನು ಕೂರಿಸಿ ಸೂಜಿ ಚುಚ್ಚಿದಳು. ಭಾವ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತು ಸುತ್ತ ನೋಡುತ್ತಲೇ ಇದ್ದರು. ಈ ಆಸ್ಪತ್ರೆಯಲ್ಲಿ ಅಷ್ಟು ವರ್ಷ ಸಂಬಳ ತೆಗೆದುಕೊಂಡವರು ಈ ಮಹಡಿಗೆ ಕಾಲಿಟ್ಟದ್ದು ಅವತ್ತೇ ಮೊದಲು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ, ಗಟ್ಟಿ ಆಳು, ಖಾಕಿ ಅಂಗಿಯಲ್ಲೇ ಬಂದಿದ್ದ. ಭಾವನಿಗೆ ತಡೆಯಲಾಗಲಿಲ್ಲ. ಹಳೆಯ ಚಟ.

"ನಿಮ್ಮದು ಯಾವುದು?"

"ಇದೇ, ಶ್ವಾಸಕೋಶ."

"ಎಷ್ಟನೇ ಸ್ಟೇಜು?"

"ನಾಲ್ಕು ಸಾರ್," ಎಂದ ಅವನು, ಬಸ್ಸಿನ ನಂಬರು ಹೇಳುವ ಹಾಗೆ. "ಮಾತ್ರೆಯಲ್ಲೇ ಐದು ವರ್ಷ ಹೋಯ್ತು. ಈಗ ಅದು ಕೇಳ್ತಿಲ್ಲ, ಈ ಡ್ರಿಪ್ ಶುರುಮಾಡಿದ್ದಾರೆ. ಒಟ್ಟು ಆರು ವರ್ಷ ಆಗ್ತಾ ಬಂತು. ನಾಳೆ ಬೆಳಿಗ್ಗೆ ಡ್ಯೂಟಿ ಇದೆ, ಬೇಗ ಬಿಡಿ ಅಂತ ಸಿಸ್ಟರ್‌ಗೆ ಹೇಳ್ತಿದ್ದೀನಿ."

ಭಾವ ಅವನನ್ನು ಕಾಲಿನಿಂದ ತಲೆವರೆಗೆ ನೋಡಿದರು. ಅವನ ಖಾಕಿ ತೋಳು, ಕೈಯ ಗಡಿಯಾರ, ಮೊಣಕಾಲ ಮೇಲಿದ್ದ ಊಟದ ಡಬ್ಬಿ. ನಂಬಿಕೆಯಾಗಲಿಲ್ಲವೋ ಏನೋ, ಅವನ ಕಡತ ಕೇಳಿ ತೆಗೆದುಕೊಂಡು ಒಂದೊಂದೇ ಹಾಳೆ ಓದಿದರು. ಈ ಸಲ ಅರ್ಧ ಸಾಲು ಬಿಡಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಮುಖ ಪೂರಾ ಬಿಳಚಿಕೊಂಡಿತ್ತು. ಕಡತ ವಾಪಸ್ ಕೊಟ್ಟು ನನ್ನ ಕಡೆ ತಿರುಗಿದರು. ನನ್ನ ಗಂಡ ಕಣ್ಣು ಮುಚ್ಚಿ ಒರಗಿದ್ದರು, ನಿದ್ದೆ ಬಂದಂತಿತ್ತು.

"ಏನಮ್ಮಾ," ಎಂದರು ಭಾವ. ಧ್ವನಿ ಇಷ್ಟು ಸಣ್ಣದಾಗಿ ಬಂದದ್ದನ್ನು ನಾನು ಕೇಳಿದ್ದೇ ಇಲ್ಲ. "ಎಡಗಡೆದು ಕಲೆ ಅಂದ್ರೆ ಆಗ ಎಂ ಸೊನ್ನೆ. ಟಿ ಒಂದು, ಎನ್ ಸೊನ್ನೆ, ಎಂ ಸೊನ್ನೆ. ನಾನು ಮೇಲೆ ಕೂತು ಹತ್ತು ಸಲ ಹಾಕಿ ನೋಡಿದೆ. ಹೌದಾ?"

ಅವರಿಗೆ ಯಾರೂ ಹೇಳಿರಲಿಲ್ಲ. ಲೆಕ್ಕ ಅವರೇ ಹಾಕಿಕೊಂಡಿದ್ದರು. ಗಂಡನಿಗೆ ಮಾತು ಕೊಟ್ಟಿದ್ದೆ, ಡ್ರಿಪ್ಪಿನ ಕೊಳವೆ ಸರಿಮಾಡಿದೆ.

"ಡಾಕ್ಟರು ಏನಂದ್ರು ಹೇಳು. ಆಗಲೇ ಬಂದಿದ್ರೆ ಏನು ಮಾಡ್ತಿದ್ರಂತೆ?"

ನಾನು ಗಂಡನ ಮುಖ ನೋಡಿದೆ. ಕಣ್ಣು ಮುಚ್ಚಿಯೇ ಇತ್ತು. ಇಪ್ಪತ್ತೆಂಟು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಕೇಳಿದ್ದಕ್ಕೆ ಸುಳ್ಳು ಹೇಳಿ ಸಮಾಧಾನ ಮಾಡುವ ಮರ್ಯಾದೆಯನ್ನು ಅವರಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

"ಒಂದು ಭಾಗ ತೆಗೆದು ಎಂಟು ದಿನಕ್ಕೆ ಮನೆಗೆ ಕಳಿಸ್ತಿದ್ರಂತೆ ಭಾವ," ಎಂದೆ.

ಅವರು ತಲೆಯಾಡಿಸಿದರು.  ನನ್ನ ಗಂಡ ಕಣ್ಣು ತೆರೆಯದೆಯೇ, ಸೂಜಿ ಇಲ್ಲದ ಕೈಯನ್ನು ಚಾಚಿ ಅಣ್ಣನ ಮಂಡಿಯ ಮೇಲಿಟ್ಟರು. ನಿದ್ದೆ ಬಂದಿರಲಿಲ್ಲ, ಎಲ್ಲ ಕೇಳಿಸಿಕೊಂಡಿದ್ದರು.

"ಅಣ್ಣ, ನಿಂದು ಊಟ ಆಯ್ತಾ?" ಎಂದರು.

ಆ ಹಾಲಿನಲ್ಲಿ, ಅಷ್ಟು ಜನರ ಎದುರಿಗೆ, ಭಾವ ಬಾಯಿಗೆ ಕರ್ಚೀಫು ಒತ್ತಿಕೊಂಡು ಅತ್ತರು. ಡ್ರೈವರ್ ತನ್ನ ನೀರಿನ ಬಾಟಲಿ ಮುಂದೆ ಹಿಡಿದ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಡ್ರಿಪ್ಪಿನಲ್ಲಿ ಇನ್ನೂ ಮುಕ್ಕಾಲು ಬಾಟಲಿ ಉಳಿದಿತ್ತು.